ಕರಿ ಕಂಬಳಿಯ ಕಾಯ್ದೆ

ಮಾಂತ್ರಿಕನು ಅದೃಶ್ಯನಾಗಿ ಅರಮನೆಗೆ ನುಗ್ಗುವುದು ಹೇಗೆಂದು ತೋರಿಸಲು, ಬಯಲಾಟ ಕಲಿಸುವ ಬಸವಂತರಾಯ ಮಾಸ್ತರರು ಕರಿ ಕಂಬಳಿಯನ್ನು ತಲೆತುಂಬ ಹೊದ್ದು ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಹಾರ್ಮೋನಿಯಂ ಮೇಲೆ ಬಿದ್ದರು. ಪೆಟ್ಟಿಗೆ ಒಮ್ಮೆ ನರಳಿತು, ಮಾಸ್ತರರು ಎರಡು ಸಲ. ಪಕ್ಕದಲ್ಲೇ ಕಾವಲುಗಾರನ ಪಾತ್ರದ ಗುಡುಸಾಬ ಈಟಿ ಹಿಡಿದು ನಿಂತಿದ್ದ. ಅಲುಗಲಿಲ್ಲ.

“ಎತ್ತಲೇ ಗುಡುಸಾಬ.”

“ಮೊದಲ ಕಂಬಳಿ ತಗೀರಿ ಮಾಸ್ತರ. ಹೊದ್ದವರು ಕಾಣಬಾರ್ದು ಅಂತ ನೀವs ಹೇಳೀರಿ.”

ಸೊನ್ನ ಎಂಬ ಊರಿನ ಹತ್ತಿರದ ಆ ಹಳ್ಳಿಯಲ್ಲಿ, ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ, ಆಟದ ನೇಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವವನು ಅವನೊಬ್ಬನೇ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವನ ಕಸುಬು. ಮೀಸೆಯಲ್ಲಿ ಸದಾ ಒಂದೆರಡು ಎಳೆ ಅರಳೆ. ಹನ್ನೊಂದು ವರ್ಷದಿಂದ ಕಾವಲುಗಾರ. ಪಾತ್ರಕ್ಕಿದ್ದ ಮಾತು ಒಂದೇ: “ಯಾರದು?” ಅದನ್ನೇ ಹನ್ನೊಂದು ಧಾಟಿಯಲ್ಲಿ ಹೇಳಬಲ್ಲವನಾಗಿದ್ದ.

ಮಾಂತ್ರಿಕನ ಪಾತ್ರ ದೌಲತರಾಯ ಗೌಡರದು. ವೇಷ, ಮೈಕು, ಚಹಾ ಎಲ್ಲ ಅವರ ಖರ್ಚಿನವೇ. ಕಂಬಳಿ ಹೊದ್ದು ಕದ್ದು ಕೇಳಬೇಕೆಂದಷ್ಟೇ ಮಾಸ್ತರರು ಬರೆದಿದ್ದರು. ತಾಲೀಮಿನಲ್ಲಿ ಗೌಡರು ಕಾವಲುಗಾರನ ರುಮಾಲು ಹಾರಿಸಿ, ಕಿವಿ ಹಿಂಡಿ, ಬೆನ್ನಿಗೆ ಗುದ್ದತೊಡಗಿದರು. ಜನ ನಕ್ಕಷ್ಟೂ ಗುದ್ದು ಬಲಿಯಿತು. ಕಾಣದವನನ್ನು ಗುಡುಸಾಬ ನೋಡುವಂತಿಲ್ಲ.

ಒಂದು ದಿನ ತಾಲೀಮಿನ ನಡುವೆ ಅವನು ಈಟಿ ಊರಿ ನಿಂತ.

“ಗೌಡ್ರ, ಕಂಬಳ್ಯಾಗ ಇದ್ದಾಗ ಬರ್ರಿ, ಹೋಗ್ರಿ, ಕದ್ದು ಕೇಳ್ರಿ. ಕೈ ಮಾಡಿದ್ರ ಮಾತ್ರ ಕಂಡಂಗ. ನಾ ಹಿಡೀತೇನಿ.”

“ಕಾಣದವಗ ಕಾಯ್ದೆ ಹಚ್ತೀಯೇನಲೇ?”

“ಕಾಣದವಗs ಹಚ್ಚಬೇಕ್ರಿ. ಕಾಣೋರಿಗೆ ಊರ ಕಣ್ಣು ಐತಿ.”

“ಸೇರದಿದ್ರ ಈಟಿ ಇಟ್ಟು ನಡಿ. ಬ್ಯಾರೆ ಕಾವಲುಗಾರ ಸಿಗ್ತಾನ.”

ಎಲ್ಲರೂ ಮಾಸ್ತರರತ್ತ ತಿರುಗಿದರು. ಗೌಡರದೇ ಮನೆಯಲ್ಲಿ ವಾಸವಿದ್ದ ಮಾಸ್ತರರಿಗೆ ಹಾರ್ಮೋನಿಯಮ್ಮಿನ ಮೇಲಿನ ಧೂಳು ಅದೇ ಗಳಿಗೆಯಲ್ಲಿ ಕಂಡಿತು, ಒರೆಸತೊಡಗಿದರು.

ಮರುದಿನ ತಲೆದಿಂಬು ತರುವ ನೆಪದಲ್ಲಿ ಮಾಸ್ತರರು ಗುಡುಸಾಬನ ಮನೆಗೆ ಹೋದರೆ, ಹೆಂಡತಿ ಖಾಸೀಂಬಿ ಅವನ ಬೆನ್ನಿಗೆ ಅರಿಷಿಣ ಹಚ್ಚುತ್ತಿದ್ದಳು.

“ಆಟ ಬಿಡು ಅಂತ ನೀವರೆ ಹೇಳ್ರಿ ಮಾಸ್ತರ.”

“ಆಟಾನೂ ಬಿಡಂಗಿಲ್ಲ, ಗುದ್ದೂ ತಿನ್ನಂಗಿಲ್ಲ,” ಎಂದ ಗುಡುಸಾಬ. ಮಾಸ್ತರರು ದಿಂಬನ್ನು ಅಲ್ಲೇ ಮರೆತು ಬಂದರು.

ಕೊನೆಯ ತಾಲೀಮು ಐತವಾರ, ಹಾಡಹಗಲು, ಚಾವಡಿಯ ಮುಂದೆ. ಊರೆಲ್ಲ ನೆರೆದಿತ್ತು. ಕಂಬಳಿ ಹೊದ್ದ ಗೌಡರು ಬಂದರು, ರುಮಾಲು ಹಾರಿಸಿದರು, ಮುಷ್ಟಿ ಎತ್ತಿ ಗುದ್ದಿದರು. ಗುಡುಸಾಬ ತಿರುಗಿ ಮಣಿಕಟ್ಟು ಹಿಡಿದು ಕೇಳಿದ: “ಯಾರದು?”

ಅದು ಹನ್ನೆರಡನೆಯ ಧಾಟಿ. ಯಾರೂ ನಗಲಿಲ್ಲ.

“ಮಾಸ್ತರ, ಹಿಂಗ ಬರದೀರೇನ್ರಿ?” ಗೌಡರ ದನಿ ಗಡುಸಾಯಿತು.

ಮಾಸ್ತರರು ಪುಸ್ತಕ ತೆರೆದರು. ಸಿಕ್ಕ ಪುಟ ಖಾಲಿಯಿತ್ತು. ಅದನ್ನೇ ನೋಡುತ್ತ ಓದಿದರು: “ಕೈ ಮಾಡಿದವ ಕಾಣತಕ್ಕದ್ದು. ಕಾವಲುಗಾರ ಹಿಡಿಯತಕ್ಕದ್ದು.” ಮೂವತ್ತು ವರ್ಷದಲ್ಲಿ ಅವರು ಬರೆದ ಅತ್ಯುತ್ತಮ ಸಾಲು ಅದು, ಬರೆದೇ ಇರಲಿಲ್ಲ.

ಗೌಡರು ಗುಡುಸಾಬನತ್ತ ತಿರುಗಿದರು. “ಕಂಬಳ್ಯಾಗಿದ್ದ ನಾ ನಿನಗ ಹ್ಯಾಂಗ ಕಂಡ್ನಲೇ?”

ಗುಡುಸಾಬ ಮಣಿಕಟ್ಟು ಬಿಡಲಿಲ್ಲ.

“ನೀವು ಕಾಣ್ಲಿಲ್ರಿ. ನಾ ಗುದ್ದು ಹಿಡದೇನಿ. ಅದರ ಬೆನ್ನಿಗೆ ನೀವು ಬಂದೀರಿ.”