ಕೆಂಪು ದೀಪದ ಮೇಲಿನ ಕುಂಕುಮ

ಭಾಗ್ಯ, ನಿಮ್ಮ ಕಾರು ಕೆಟ್ಟು ನಿಂತದ್ದು ನೀನು ಕುಂಕುಮ ಒರೆಸಿದ್ದರಿಂದ ಅಲ್ಲ. ಅದು ನಿಮ್ಮ ಮನೆಗೆ ಬರುವ ಮೊದಲೇ ಕೆಟ್ಟಿತ್ತು. ನನಗದು ಗೊತ್ತಿತ್ತು. ಗೊತ್ತಿದ್ದೇ, ಯಾರ ಕಣ್ಣಿಗೂ ಬೀಳದಿರಲಿ ಎಂದು ಆ ಕುಂಕುಮ ಇಟ್ಟವನು ನಾನು — ಎಂಟನೇ ತರಗತಿಯಲ್ಲಿ ನಿನಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು.

ಇಷ್ಟನ್ನು ಬರೆಯಲು ಹನ್ನೆರಡು ವರ್ಷ ಹಿಡಿಯಿತು. ಉಳಿದದ್ದನ್ನೂ ಈಗಲೇ ಬರೆದುಬಿಡುತ್ತೇನೆ. ನಿಲ್ಲಿಸಿದರೆ ಮತ್ತೆ —

ಆ ಕಾರು ನನ್ನಲ್ಲಿದ್ದಾಗಲೇ ಮುದಿಯಾಗಿತ್ತು. ಮಧುಗಿರಿಯ ನಮ್ಮ ಬೀದಿಯವರು ಅದರ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂಬುದು ನನ್ನ ಹೆಮ್ಮೆ. ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ ಎಂಬುದು ನನ್ನ ಹೆಂಡತಿಯ ವರದಿ. ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ಗಿಂಡಿಯಾಕಾರದ ಕೆಂಪು ದೀಪ ಹತ್ತಿಕೊಂಡಿತು. ಇಂಜಿನ್ನಿನಲ್ಲಿ ಆಯಿಲ್ ಸರಿಯಾಗಿ ಹರಿಯುತ್ತಿಲ್ಲ ಎಂದು ಅದರ ಅರ್ಥ. ಕಡ್ಡಿ ಅದ್ದಿ ನೋಡಿದೆ, ಆಯಿಲ್ ಭರ್ತಿಯಿತ್ತು. ಆದಕಾರಣ ದೀಪವೇ ಕೆಟ್ಟಿದೆ ಎಂದು ಭೌತಶಾಸ್ತ್ರದ ಸಮಸ್ತ ಅಧಿಕಾರದಿಂದ ತೀರ್ಪು ಕೊಟ್ಟು, ಆ ತೀರ್ಪಿಗೊಂದು ರುಜು ಹಾಕಿಸಿಕೊಳ್ಳಲು ಶಿರಾದ ದಸ್ತಗೀರ್ ಸಾಬರ ಗ್ಯಾರೇಜಿಗೆ ಹೋದೆ.

ಸಾಬರು ನನ್ನ ಉಪನ್ಯಾಸವನ್ನು ಪೂರ್ತಿ ಕೇಳಿದರು. ಆಮೇಲೆ ಇಂಜಿನ್ ಪಕ್ಕದಲ್ಲಿ, ಆ ದೀಪ ಹತ್ತಿಸುವ ಆಯಿಲ್ ಸ್ವಿಚ್ಚಿನ ವೈರ್ ಕಿತ್ತರು; ದೀಪ ಆರಿತು. ಅಂದರೆ ವೈರಿಂಗ್ ಸರಿಯಿದೆ. ಹೊಸ ಸ್ವಿಚ್ ಹಾಕಿದರು. ದೀಪ ಮತ್ತೆ ಹತ್ತಿತು. ಕೊನೆಗೆ ಸ್ವಿಚ್ಚಿನ ಜಾಗಕ್ಕೆ ಆಯಿಲಿನ ಒತ್ತಡ ಅಳೆಯುವ ಮೀಟರ್ ತಿರುಗಿಸಿ, ಇಂಜಿನ್ ಬಿಸಿಯಾಗಲು ಬಿಟ್ಟರು. ಬಿಸಿಯಾದಂತೆಲ್ಲ ಮುಳ್ಳು ಇಳಿದು ಇಳಿದು ಸೊನ್ನೆಯ ಹತ್ತಿರ ಬಂದು ಕೂತಿತು. ಶಾಲೆಯ ಪ್ರಯೋಗಾಲಯದಲ್ಲಿ ನಾನು ಯಾವತ್ತೂ ಅಷ್ಟು ಕ್ರಮವಾಗಿ ಒಂದು ಪ್ರಯೋಗ ಮಾಡಿದವನಲ್ಲ.

"ಲೈಟ್ ಖರಾಬಾಗಿಲ್ಲ ಮೇಷ್ಟ್ರೇ, ಇಂಜಿನ್ ಖರಾಬಾಗೈತೆ," ಎಂದರು. "ನಿಮ್ ಗಾಡೀಲಿ ನಿಯತ್ತಾಗಿರೋದು ಅಂದ್ರೆ ಅದೊಂದೇ. ಬಿಚ್ಚಿ ರಿಪೇರಿ ಮಾಡೋಗಂಟ ಓಡಿಸ್ಬೇಡಿ."

ಬಿಚ್ಚಿಸಲಿಲ್ಲ. ಮಾರಲು ನಿಶ್ಚಯಿಸಿದೆ. ನಮ್ಮ ಶಾಲೆಯ ಗುಮಾಸ್ತರಾಗಿದ್ದ ನಿಮ್ಮ ಅಪ್ಪ ಗಂಗಾಧರಯ್ಯ, ಮೇಷ್ಟ್ರ ಗಾಡಿಯೆಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು ಎಂದು ಸ್ಟಾಫ್‌ರೂಮಿನಲ್ಲಿ ಎಲ್ಲರೆದುರು ಹೇಳಿದರು. ನಾನು ತಲೆಯಾಡಿಸಿದೆ.

ದೀಪದ ಬಲ್ಬ್ ಕಿತ್ತುಹಾಕಬಹುದಿತ್ತು. ಅದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಅದು ನನಗೆ ಬಾರದ ವಿದ್ಯೆ. ನನಗೆ ಹೊಳೆದದ್ದು ಬೇರೆ. ಗಾಡಿ ಕೊಡುವ ದಿನ ಬೆಳಿಗ್ಗೆ ಸ್ನಾನ ಮಾಡಿ, ಹೆಂಡತಿಯಿಂದ ಗಂಧ ತೇಯಿಸಿಕೊಂಡು, ಮೀಟರಿನ ಗಾಜಿನ ಮೇಲೆ, ಸರಿಯಾಗಿ ಆ ದೀಪದ ಮುಂದೆ, ಗಟ್ಟಿಯಾಗಿ ಮೆತ್ತಿ ಮೇಲೊಂದು ಕುಂಕುಮ ಇಟ್ಟೆ. ಅನುಮಾನ ಬಾರದಿರಲೆಂದು ಸ್ಟೀರಿಂಗಿಗೂ ಒಂದು, ಬಾಗಿಲಿಗೂ ಒಂದು. ಮದುವೆಯಾದಂದಿನಿಂದ ನಾನು ದೇವರಮನೆಗೆ ತಲೆಹಾಕಿದ್ದು ಕಾಣದ ಅವಳು, ಕೊನೆಗೂ ಬುದ್ಧಿ ಬಂತಲ್ಲ ಎಂದು ಊದುಬತ್ತಿಯನ್ನೂ ಹಚ್ಚಿ ತಂದಳು. ನಮ್ಮ ಕಡೆ ಗಾಡಿಗೆ ಇಟ್ಟ ಕುಂಕುಮವನ್ನು ಯಾರೂ ಒರೆಸುವುದಿಲ್ಲ. ತಾನಾಗಿ ಉದುರುವವರೆಗೆ ಇರುತ್ತದೆ. ಅಷ್ಟು ದಿನ ಸಾಕು ಎಂದುಕೊಂಡೆ. ಅಷ್ಟು ದಿನ — ಯಾತಕ್ಕೆ ಸಾಕು? ಅದನ್ನು ನಾನು ಕೇಳಿಕೊಳ್ಳಲೇ ಇಲ್ಲ.

ನೀನು ಒರೆಸಿದೆ. ಮುಂದಿನ ಭಾನುವಾರ ನೀವೆಲ್ಲ ಕೊರಟಗೆರೆಯ ನಂಟರ ಮನೆಗೆ ಹೊರಟಾಗ, ಗಾಡಿ ಚೊಕ್ಕಟವಾಗಿರಲಿ ಎಂದು, ಒದ್ದೆ ಬಟ್ಟೆಯಲ್ಲಿ. ದಾರಿಯಲ್ಲಿ ದೀಪ ಉರಿಯುವುದನ್ನು ಮೊದಲು ಕಂಡು ಹೇಳಿದವಳೂ ನೀನೇ. ಆಗ ಗಾಡಿ ನಿಲ್ಲಿಸಿದ್ದರೆ — ಆದರೆ ಹಿಂದೆ ಕೂತಿದ್ದ ಅಜ್ಜಿ ಅಷ್ಟರಲ್ಲಿ ಕಾರಣ ಹುಡುಕಿಬಿಟ್ಟಿದ್ದರಂತೆ: "ದೇವ್ರ ಕುಂಕುಮ ಒರೆಸ್ಬುಟ್ಟಿದೀಯ, ಅದ್ಕೇ ಕೆಂಪಗೆ ಕಣ್ಬುಟ್ಟೈತೆ ಕಣೇ." ಅಪ್ಪ ಮನೆದೇವರನ್ನು ನೆನೆಯುತ್ತ ಓಡಿಸುತ್ತಲೇ ಹೋದರು. ಮಧುಗಿರಿ ದಾಟಿ ಸ್ವಲ್ಪ ದೂರದಲ್ಲಿ ಇಂಜಿನ್ ಕಟಕಟ ಎಂದು ಜಾಮ್ ಆಯಿತು. ಮತ್ತೆ ಏಳಲಿಲ್ಲ.

ಸಂಜೆ ಸುದ್ದಿ ತಿಳಿದು ಕೊಡಿಗೇನಹಳ್ಳಿಯ ನಿಮ್ಮ ಮನೆಗೆ ಬಂದೆ. ಹೇಳಿಬಿಡಬೇಕೆಂದೇ ಬಂದೆ — ಹಾಗೆಂದು ನೆನೆಯಲು ನನಗಿಷ್ಟ. ನಿಜವೆಂದರೆ, ನನ್ನ ಹೆಸರು ಬಂದಿದೆಯೇ ಎಂದು ನೋಡಲು ಬಂದೆ. ಬಂದಿರಲಿಲ್ಲ. ನಿನ್ನ ಹೆಸರು ಬಂದಿತ್ತು. ಅಜ್ಜಿ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಅಪ್ಪ ನನಗೇ ಕೈಮುಗಿದು, ಅಷ್ಟು ಶಾಸ್ತ್ರವಾಗಿ ಪೂಜೆ ಮಾಡಿ ಕೊಟ್ಟಿದ್ದಿರಿ, ನಾವೇ ಉಳಿಸಿಕೊಳ್ಳಲಿಲ್ಲ ಎಂದರು. ಕಾಫಿ ಬಂತು. ಕುಡಿದೆ.

ನೀನು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದೆ. ಅಷ್ಟು ಜನರಲ್ಲಿ ನಿನ್ನ ಪರ ಮಾತಾಡಬಲ್ಲವನು ನಾನೊಬ್ಬನೇ ಎಂದು ಅನ್ನಿಸಿರಬೇಕು.

"ಸಾರ್, ಕುಂಕುಮ ಒರೆಸಿದ್ರೆ ಇಂಜಿನ್ ಕೆಡ್ತದಾ?"

ಎಲ್ಲರೂ ನನ್ನತ್ತ ತಿರುಗಿದರು. ಇಲ್ಲ ಎಂದರೆ ಮುಗಿಯುತ್ತಿತ್ತು. ಇಲ್ಲ ಎಂದರೆ, ಮತ್ತೆ ಯಾತಕ್ಕೆ ಕೆಟ್ಟಿತು ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು.

"ಕೆಲವು ವಿಷಯ ನಮ್ಮ ಬುದ್ಧಿಗೆ ಮೀರಿದ್ದು ಕಣಮ್ಮ," ಎಂದೆ.

ಅಜ್ಜಿ ತಲೆದೂಗಿದರು. ನೀನು ಒಳಗೆ ಹೋದೆ. ಆ ವರ್ಷ ತರಗತಿಯಲ್ಲಿ ನೀನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಪಾಠ ಚೆನ್ನಾಗಿ ಅರ್ಥವಾಗುತ್ತಿದೆ ಎಂದು ನಾನು ನನಗೇ ಹೇಳಿಕೊಂಡೆ.

ಆಮೇಲೆ ಮರೆತವನಂತೆ ಬದುಕಿದೆ. ಅದೇನೂ ಕಷ್ಟದ ಕೆಲಸವಲ್ಲ. ಹೋದ ಆಯುಧಪೂಜೆಗೆ ನೀನು ಹೊಸ ಸ್ಕೂಟರ್ ತಂದು ನಮ್ಮ ಮನೆ ಮುಂದೆ ನಿಲ್ಲಿಸಿದೆ. ಪಾವಗಡದಲ್ಲಿ ಟೀಚರ್ ಕೆಲಸ, ಸ್ವಂತ ದುಡಿಮೆಯ ಗಾಡಿ. ಮೊದಲು ಮೇಷ್ಟ್ರಿಗೆ ತೋರಿಸಬೇಕು ಎಂದು ಬಂದೆಯಂತೆ. ನನ್ನ ಹೆಂಡತಿ ಕುಂಕುಮದ ಬಟ್ಟಲು ಚಾಚಿದಾಗ ನೀನು ಹಿಂದೆ ಸರಿದೆ.

"ನೀವೇ ಇಡಿ ಸಾರ್. ನನ್ ಕೈ ಗಾಡಿಗೆ ಆಗಿಬರಲ್ಲ."

ನಗುತ್ತಲೇ ಅಂದೆ. ಹೇಳಿ ಹೇಳಿ ಸವೆದ ಮಾತಿನ ಹಾಗಿತ್ತು.

ನಾನು ಇಟ್ಟೆ, ಭಾಗ್ಯ. ಅವತ್ತೂ ಬಾಯಿ ಬಿಡಲಿಲ್ಲ.

ಬರುವ ಭಾನುವಾರ ನೀನು ಊರಲ್ಲಿರುತ್ತೀಯಂತೆ. ಬೆಳಗಿನ ಬಸ್ಸಿಗೆ ಬರುತ್ತೇನೆ. ಇದನ್ನು ನಿನ್ನ ಕೈಗೆ ತುರುಕಿ ಓಡುವುದಿಲ್ಲ. ಅದೇ ಪಡಸಾಲೆಯಲ್ಲಿ, ಅಪ್ಪನ ಎದುರು, ಕಿವಿ ಮಂದವಾಗಿರುವ ಅಜ್ಜಿಗೂ ಕೇಳುವಷ್ಟು ಗಟ್ಟಿಯಾಗಿ ನಿಂತು ಓದುತ್ತೇನೆ. ನೀನು ಅವತ್ತು ಕೇಳಿದ್ದಕ್ಕೆ ಉತ್ತರ — ಇಲ್ಲ, ಕೆಡುವುದಿಲ್ಲ.

ಕಾಫಿ ಮಾಡಬೇಡಿ.