ಹೊಸ್ತಿಲಾಚೆಯ ಇಸ್ಪೀಟು

ಐವತ್ತರ ದಶಕದ ಮಾತು. ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ ನನ್ನ ಗಂಡ ಕ್ಷಯ ಹತ್ತಿಸಿಕೊಂಡು ಅಕ್ಕಲಕೋಟೆಯ ಮನೆಗೆ ಮರಳಿದರು. ಅತ್ತೆ ಅವರನ್ನು ಹಿಂದಿನ ಕೋಣೆಗೆ ಹಾಕಿ, ನಾನು ಅದರ ಹೊಸ್ತಿಲು ದಾಟಕೂಡದೆಂದರು. ಅವರ ಕಫದ ಬಟ್ಟೆ ಒಗೆಯುವುದು ಮಾತ್ರ ನನ್ನದೇ ಕೆಲಸ. ಅದಕ್ಕೆ ಯಾರೂ ಹೆದರಲಿಲ್ಲ.

ಮಧ್ಯಾಹ್ನ ಅವರು ಚಾಪೆಯ ಮೇಲೆ ಇಸ್ಪೀಟು ಹರಡಿ ಒಬ್ಬರೇ ಆಡುತ್ತಿದ್ದರು. ಕಪ್ಪಿನ ಮೇಲೆ ಕೆಂಪು, ಕೆಂಪಿನ ಮೇಲೆ ಕಪ್ಪು, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಹೋಗಬೇಕು. ಹೊಸ್ತಿಲಾಚೆ ಕೂತು ನೋಡಿಯೇ ಕಲಿತೆ. ಎಲೆ ಮುಟ್ಟುವಂತಿರಲಿಲ್ಲ, ನಾನು ಹೇಳುವುದು, ಅವರು ಇಡುವುದು.

“ಛಲೋ ಕಲ್ತಿ,” ಎಂದರು ಒಮ್ಮೆ. “ಈ ಆಟಕ್ಕ ಇನ್ನೊಬ್ಬರು ಬೇಕಾಗಂಗಿಲ್ಲ. ಮುಂದ ನಿನಗ ಕೆಲಸಕ್ಕ ಬರ್ತದ.”

ಸಿಟ್ಟು ಬಂದು ಎರಡು ದಿನ ಅಲ್ಲಿ ಕೂರಲಿಲ್ಲ. ಮೂರನೆಯ ದಿನ ಅತ್ತೆಯ ಕೂಗು ಕೇಳಿ ಓಡಿದೆ. ಅವರು ಗೋಡೆಗೆ ಒರಗಿದ್ದರು, ಉಸಿರಿರಲಿಲ್ಲ. ಚಾಪೆಯ ಮೇಲೆ ಆಟ ಅರ್ಧಕ್ಕೆ ನಿಂತಿತ್ತು. ಕಪ್ಪು ಹತ್ತರ ಪಕ್ಕದಲ್ಲೇ ಕೆಂಪು ಒಂಬತ್ತಿತ್ತು. ಇಂಥ ಸುಲಭದ ನಡೆಗಳನ್ನು ಅವರು ನನಗೆಂದೇ ಬಿಡುತ್ತಿದ್ದರು.

ಅವತ್ತು ಹೊಸ್ತಿಲು ದಾಟಿದೆ. ಮೈಮೇಲೆ ಬಿದ್ದು ಅಳುತ್ತೇನೆಂದು ಅತ್ತೆ ತಡೆಯಲು ಬಂದರು. ನಾನು ಒಂಬತ್ತನ್ನು ಎತ್ತಿ ಹತ್ತರ ಮೇಲಿಟ್ಟೆ.