ಅಜ್ಜಿಯ ಪಕ್ಕದ ಬಿಳಿ ಜಾಗ

ತಿಪಟೂರಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವ ಕೆಲಸ ಒಂದೇ ಖಾಲಿ ಇತ್ತು. ಕಾದಿದ್ದವರು ಇಬ್ಬರು, ನಾನು ಮತ್ತು ನನ್ನ ಗೆಳತಿ. ಬಿ.ಎಸ್ಸಿ.ಯಲ್ಲಿ ಅಂಕ ನನಗೇ ಹೆಚ್ಚು. ಆದರೂ ಯಜಮಾನರು, ಕೊಬ್ಬರಿಯ ಮೇಲೆ ಒಂದೊಂದು ವೆಬ್ ಪುಟ ಮಾಡಿ ತೋರಿಸಿ, ಚೆನ್ನಾಗಿ ಮಾಡಿದವರಿಗೆ ಕೆಲಸ ಎಂದುಬಿಟ್ಟರು.

ಫೋಟೋ ತೆಗೆಯಲು ದಬ್ಬೇಘಟ್ಟದ ಹತ್ತಿರ ಅವಳ ನೆಂಟರ ಮನೆಗೆ ಹೋದೆವು. ಕ್ಯಾಮೆರಾ ಅವಳದು, ಅವಳಣ್ಣ ಕೊಡಿಸಿದ್ದು. ನನಗೆ ಅದಕ್ಕೂ ಹೊಟ್ಟೆಯುರಿ. ಆ ಮನೆಯವರು ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗಲಿಟ್ಟ ಹಳೇ ಕಾಯಿ ಇಳಿಸುವ ಮೊದಲೇ ಹೊಸ ಕಾಯಿಯನ್ನೂ ಅದೇ ಅಟ್ಟಕ್ಕೆ ಹೇರಿದ್ದರು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಮನೆಯ ಅಜ್ಜಿ ಬಾಗಿಲ ಬೆಳಕಿನಲ್ಲಿ ನಿಂತು ಕಾಯಿಯೊಂದನ್ನು ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. ನಾನು ಹಿಂದೆ, ಅಟ್ಟದ ಕೆಳಗಿದ್ದೆ. ಗೆಳತಿ ಕ್ಲಿಕ್ಕಿಸಿದಳು.

“ನೀನೂ ಕೇಳು ಬಾರವ್ವ, ಗುಡುಗುಡು ಅಂತೈತೆ,” ಎಂದರು ಅಜ್ಜಿ.

ಅವರತ್ತ ನಡೆದೆ. ಬೆನ್ನ ಹಿಂದೆ ಅಟ್ಟದ ತೊಲೆ ಮುರಿಯಿತು. ತಿರುಗಿ ನೋಡಿದರೆ ನಾನು ನಿಂತಿದ್ದ ಜಾಗದಲ್ಲಿ ಕಾಯಿಯ ರಾಶಿ, ಮೇಲೆ ಧೂಳು. ಆ ಸದ್ದು ಇವತ್ತಿಗೂ ಊಟದ ನಡುವೆ ಬಂದುಬಿಡುತ್ತದೆ.

ಅವಳ ಫೋಟೋ ಚೆನ್ನಾಗಿ ಬಂದಿತ್ತು. ಅದನ್ನು ಸ್ಕ್ಯಾನ್ ಮಾಡಿ, ಅಜ್ಜಿ ಮಾತ್ರ ಕಾಣುವಂತೆ ಕ್ಲಿಪ್ ಮಾಡಲು ಕೂತಳು. ಪುಟದ ಕೋಡಿನಲ್ಲಿ ಮೇಲೆ, ಬಲ, ಕೆಳಗೆ, ಎಡ ಎಂದು ನಾಲ್ಕು ಅಂಚಿನ ಅಳತೆ ಬರೆದರೆ ಅದರೊಳಗಿನದಷ್ಟೇ ಕಾಣುತ್ತದೆ. ಉಳಿದದ್ದು ಅಳಿಯುವುದಿಲ್ಲ, ಇದ್ದಲ್ಲೇ ಮರೆಯಾಗುತ್ತದೆ. ಆದರೆ ಅವಳ ಪರದೆಯ ಮೇಲೆ ಇಡೀ ಫೋಟೋ ಬಂತು.

“ಏನು ಬರೆದ್ರೂ ಕತ್ತರಿಸ್ತಾನೇ ಇಲ್ವಲ್ಲ ಕಣೇ,” ಎಂದಳು.

ಕಾರಣ ನನಗೆ ಗೊತ್ತಿತ್ತು. ಚಿತ್ರವನ್ನು ಪುಟದ ಸಾಲಿನಿಂದ ಬಿಡಿಸಿ ಬೇರೆಯಾಗಿ ಇರಿಸದೆ ಕ್ಲಿಪ್ ಕೆಲಸ ಮಾಡುವುದಿಲ್ಲ. ಸುಮ್ಮನಿದ್ದರೆ ಅವಳ ಪುಟ ಕೆಟ್ಟು ಕೆಲಸ ನನಗಾಗುತ್ತದೆಂದು ಒಳಗೊಳಗೇ ಖುಷಿಯಾಯಿತು. ಅಷ್ಟರಲ್ಲಿ ಫೋಟೋದ ಬಲತುದಿ ಕಣ್ಣಿಗೆ ಬಿತ್ತು. ಬಿಲ್ಲಿನಂತೆ ಬಾಗಿದ ತೊಲೆ, ಅದರ ಕೆಳಗೆ ಹಲ್ಲು ಬಿಟ್ಟು ನಗುತ್ತಿರುವ ನಾನು.

“ಫೋಟೋಗೆ ಪೊಸಿಷನ್ ಆಬ್ಸಲ್ಯೂಟ್ ಅಂತ ಹಾಕೇ. ಬೇಗ ಹಾಕು.”

ಹಾಕಿದಳು. ನಾನೂ ತೊಲೆಯೂ ಮಾಯವಾದೆವು. ಕೆಲಸ ಅವಳಿಗಾಯಿತು.

ತಪ್ಪು ಹುಡುಕಲೆಂದೇ ಆಮೇಲೂ ಸೆಂಟರಿಗೆ ಹೋಗಿ ಅವಳ ಪುಟ ತೆರೆಯುತ್ತಿದ್ದೆ. ತಪ್ಪೇನೂ ಸಿಗುತ್ತಿರಲಿಲ್ಲ. ಅಜ್ಜಿಯ ಪಕ್ಕದಲ್ಲಿ ಬರಿಯ ಬಿಳಿ ಜಾಗ. ಪಾಠಕ್ಕೆ ಬರುವ ಹುಡುಗರು ಅದನ್ನು ದಾಟಿ ಕೆಳಗೆ ಓದುತ್ತಿದ್ದರು. ನಾನು ಅಲ್ಲೇ ನಿಲ್ಲುತ್ತಿದ್ದೆ.